ಹಿಂದಿನ ಸಾಲಿನ ಸೀಸೆ

ಗುರುವಾರ, ಮಾರ್ಚ್ 14
ಬೆಳಿಗ್ಗೆ, ಅಡುಗೆಮನೆ ಮೇಜಿನಿಂದ

ನನ್ನ ಹಠಮಾರಿ ಮಗಳಿಗೆ,

ಅಮ್ಮನ ಆಶೀರ್ವಾದಗಳು. ಅಳಿಯಂದಿರಿಗೂ ತಿಳಿಸು. ನನ್ನ ಮೊಮ್ಮಗಳು ಗುಂಡಮ್ಮನ ಎರಡೂ ಕೆನ್ನೆಗೆ ನನ್ನ ಪರವಾಗಿ ಒಂದೊಂದು ಮುತ್ತು ಕೊಡು, ಎಡಗೆನ್ನೆಗೆ ಒಂದು ಜಾಸ್ತಿ.

ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಸೋಮಾರಿತನದಿಂದ ತಡವಾದದ್ದಲ್ಲ, ನಾಲ್ಕು ಸಲ ಬರೆದು ನಾಲ್ಕು ಸಲ ಹರಿದು ಹಾಕಿದೆ. ಮೊದಲನೆಯದು ಬರೀ ಬೈಗುಳ. ಎರಡನೆಯದು ಬರೀ ಅಳು. ಮೂರನೆಯದು ಆಸ್ಪತ್ರೆ ಗೋಡೆಗೆ ಅಂಟಿಸುವ ಕರಪತ್ರದ ಹಾಗಿತ್ತು. ನಾಲ್ಕನೆಯದನ್ನು ನಿನ್ನ ತಮ್ಮ ಟಿಕ್ಕು ಓದಿ, "ಅಮ್ಮ, ಇದನ್ನ ಕಳಿಸಿದ್ರೆ ಅಕ್ಕ ಬಸ್ಸು ಸಮೇತ ಬಂದು ನಮ್ಮ ಗೋಡೆಗೆ ಗುದ್ದುತಾಳೆ" ಅಂದ. ಇದು ಐದನೆಯದು. ಇದನ್ನು ಅವನಿಗೆ ತೋರಿಸುವುದಿಲ್ಲ ಅಂತ ತೀರ್ಮಾನ ಮಾಡಿ ಕೂತಿದ್ದೇನೆ.

"ಫೋನಿನಲ್ಲಿ ಈ ವಿಷಯ ಎತ್ತಿದರೆ ಇಟ್ಟುಬಿಡ್ತೀನಿ, ಹೇಳಲೇಬೇಕಿದ್ರೆ ಬರೆದು ಕಳಿಸು" ಅಂದವಳು ನೀನು. ಬರೆಯುತ್ತಿದ್ದೇನೆ, ಕೊನೆಯವರೆಗೂ ಓದಬೇಕು. ಕಾಗದವನ್ನು ಮಧ್ಯದಲ್ಲಿ ಇಟ್ಟುಬಿಟ್ಟೆ ಅಂತ ಗೊತ್ತಾದರೆ ನಿನ್ನ ಡಿಪೋಗೇ ಬಂದು, ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಜೋರಾಗಿ ಓದುತ್ತೇನೆ. ನನಗೆ ನಾಚಿಕೆ ಇಲ್ಲ, ಅದು ನಿನಗೇ ಚೆನ್ನಾಗಿ ಗೊತ್ತು.

ಮೊದಲು ಮನೆಯ ಸುದ್ದಿ. ನನ್ನ ಬಲ ಮಂಡಿ ಮುನಿಸಿಕೊಂಡಿದೆ, ಎಡದ್ದು ಸದ್ಯಕ್ಕೆ ಮಾತು ಕೇಳುತ್ತಿದೆ. ಟಿಕ್ಕು ಚೆನ್ನಾಗಿದ್ದಾನೆ. ಚೆನ್ನಾಗಿದ್ದಾನೆ ಅಂದರೆ ಎಂದಿನ ಹಾಗೆ. ಬೆಳಿಗ್ಗೆ ಎದ್ದ ಕೂಡಲೇ ಮಂಚದ ಅಂಚಿನಿಂದ ತಲೆ ಇಳಿಬಿಟ್ಟು ಮಲಗುತ್ತಾನೆ, ನಾನು ಇಪ್ಪತ್ತು ನಿಮಿಷ ಬೆನ್ನು ತಟ್ಟುತ್ತೇನೆ, ಕಫ ಇಳಿಯುತ್ತದೆ, ಆಮೇಲೆ ಅವನ ದಿನ ಶುರು. ಶಾಲೆಗೆ ಹೊರಡುವ ಮೊದಲು ನೀನೂ ತಟ್ಟುತ್ತಿದ್ದೆ. ನೀನು ತಟ್ಟುವಾಗ ಮಗ್ಗಿ ಹೇಳುತ್ತಿದ್ದೆ, ಅವನು ಕೆಮ್ಮುತ್ತಲೇ ತಪ್ಪು ತಿದ್ದುತ್ತಿದ್ದ. ಈಗ ಮುಂದಿನ ಕೋಣೆಯನ್ನೇ ಗಡಿಯಾರದ ಅಂಗಡಿ ಮಾಡಿಕೊಂಡಿದ್ದಾನೆ, ಮೆಟ್ಟಿಲು ಹತ್ತುವ ಹಾಗಿಲ್ಲವಲ್ಲ. ಮೊನ್ನೆ ಒಬ್ಬ ಗಿರಾಕಿ, "ಇಷ್ಟು ಕೆಮ್ಮು ಇಟ್ಕೊಂಡು ಇಷ್ಟು ಸಣ್ಣ ಸ್ಕ್ರೂ ಹೇಗೆ ಹಾಕ್ತೀರಿ?" ಅಂತ ಕೇಳಿದರು. "ಒಂದು ಕೆಮ್ಮಿಗೂ ಇನ್ನೊಂದಕ್ಕೂ ಮಧ್ಯ ನನಗೆ ಮೂರು ನಿಮಿಷ ಸಿಗುತ್ತೆ ಸಾರ್, ಸ್ಕ್ರೂಗೆ ಎರಡು ಸಾಕು" ಅಂದ. ಗಿರಾಕಿ ನಕ್ಕರು. ನಾನು ಒಳಗೆ ಬಂದು ಪಾತ್ರೆ ತೊಳೆದೆ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನೇ.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ.

"ಅಜ್ಜಿಯಾಗಿ ಬರೋದಾದರೆ ಬಾ, ನರ್ಸಾಗಿ ಬರೋದಾದರೆ ಬರಬೇಡ" ಅಂತ ಬರೆದಿದ್ದೀಯ. ಯಾಕೆ, ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ನರ್ಸನ್ನು ಬಿಟ್ಟು ಒಳಗೆ ಬರಬೇಕಾ? ಮೂವತ್ತಾರು ವರ್ಷ ಮಕ್ಕಳ ತೊಡೆಗೆ ಸೂಜಿ ಚುಚ್ಚಿದ ಕೈಯಿಂದಲೇ ನಿನ್ನನ್ನು ಎತ್ತಿ ಆಡಿಸಿದ್ದು. ಇಬ್ಬರೂ ಬರುತ್ತೇವೆ. ಇದೇ ತಿಂಗಳ ಇಪ್ಪತ್ತೇಳು, ಬುಧವಾರ, ಬೆಳಗಿನ ರೈಲಿಗೆ ಟಿಕೆಟ್ ತೆಗೆದಾಗಿದೆ. ಹತ್ತೂವರೆಗೆ ನಿನ್ನ ಮನೆ ಬಾಗಿಲಲ್ಲಿರುತ್ತೇನೆ. ಬೇಡ ಅಂತ ಬರೆಯಬೇಡ, ನಿನ್ನ ಕಾಗದ ಬರುವ ಹೊತ್ತಿಗೆ ನಾನು ಹೊರಟಿರುತ್ತೇನೆ.

ಗುಂಡಮ್ಮನಿಗೆ ನಾಲ್ಕು ತಿಂಗಳು ತುಂಬಿತು. ಒಂದೂವರೆ ತಿಂಗಳಿಗೆ ಹಾಕಿಸಬೇಕಿದ್ದ ಲಸಿಕೆ ಹಾಕಿಸಿಲ್ಲ, ಆಮೇಲಿನದೂ ಇಲ್ಲ. ಬರುವ ತಿಂಗಳು ನೀನು ಮತ್ತೆ ಬಸ್ಸು ಓಡಿಸುವ ಕೆಲಸಕ್ಕೆ ಹೋಗುತ್ತೀಯ. ದಿನಕ್ಕೆ ಏಳೆಂಟುನೂರು ಜನ ನಿನ್ನ ಬೆನ್ನ ಹಿಂದೆ ಹತ್ತಿ ಇಳಿಯುತ್ತಾರೆ, ಕೆಮ್ಮುತ್ತಾರೆ, ಸೀನುತ್ತಾರೆ. ಆ ಗಾಳಿಯಲ್ಲಿ ದಿನವಿಡೀ ಕೂತು ಮನೆಗೆ ಬಂದು ಮಗುವನ್ನು ಎದೆಗೆ ಹಾಕಿಕೊಳ್ಳುತ್ತೀಯ. ನಾನು ಹೆದರಿಸುತ್ತಿಲ್ಲ. ಬ್ರೇಕ್ ಒತ್ತಿ ನೋಡದೆ ನೀನು ಡಿಪೋ ಗೇಟು ದಾಟುವುದಿಲ್ಲ ಅಂತ ನಿನ್ನ ಕಂಡಕ್ಟರಮ್ಮ ಹೇಳಿದ್ದಳು. "ನಿಮ್ಮ ಮಗಳು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಹುಟ್ಟಿದಾಳೆ ಕಣಮ್ಮ" ಅಂತ. ಗುರುತು ಪರಿಚಯ ಇಲ್ಲದವರ ಮಕ್ಕಳಿಗೆ ಇಷ್ಟು ಜಾಗ್ರತೆ ಮಾಡುವವಳು ನೀನು.

ನಿನ್ನ ಉತ್ತರ ನನಗೆ ಬಾಯಿಪಾಠ. ಕಾಗದದಲ್ಲಿ ಎರಡು ಸಲ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದೀಯ. "ತಮ್ಮನಿಗೆ ಮೂರು ಸಲ ಚುಚ್ಚಿದ್ದು ನೀನೇ. ಮೂರು ಸಲವೂ ಅವನ ಕಾಲು ಹಿಡಿದುಕೊಂಡಿದ್ದು ನಾನು. ಆದರೂ ಅವನಿಗೆ ನಾಯಿಕೆಮ್ಮು ಬಂತು, ಎದೆ ಜನ್ಮಕ್ಕೆ ಹಾಳಾಯಿತು. ನರ್ಸಿನ ಮಗನಿಗೇ ಕೆಲಸ ಮಾಡದ ಔಷಧಿ ನನ್ನ ಮಗುವಿಗೆ ಮಾಡುತ್ತಾ? ಸುಮ್ಮನೆ ಯಾಕೆ ಅಳಿಸಲಿ? ನಾನು ಅವನ ಎದೆಯ ಸದ್ದು ಕೇಳುತ್ತಾ ಬೆಳೆದವಳು."

ಬೇರೆ ಯಾರಾದರೂ ಹೀಗೆ ಕೇಳಿದ್ದರೆ ನನ್ನ ಹತ್ತಿರ ಹತ್ತು ಉತ್ತರ ಇದ್ದವು. ಫೋನಿನಲ್ಲಿ ಬರುವ ಸುಳ್ಳು ಸುದ್ದಿ ನಂಬಿ ಬಾಗಿಲು ಮುಚ್ಚಿದವರ ಮನೆಗಳಿಗೆಲ್ಲ ನುಗ್ಗಿ ಬಂದವಳು ನಾನು. ಒಂದು ಮನೆಯಲ್ಲಿ ನಾಯಿ ಬಿಟ್ಟರು, ಒಂದು ಮನೆಯಲ್ಲಿ ಬಕೆಟ್ಟು ನೀರು ಎರಚಿದರು. ಒದ್ದೆ ಬಟ್ಟೆಯಲ್ಲೇ ಕೂತು ಮಾತಾಡಿ, ಮಗುವಿಗೆ ಲಸಿಕೆ ಹಾಕಿ, ಅವರ ಮನೆ ಟವೆಲಿನಲ್ಲೇ ತಲೆ ಒರೆಸಿಕೊಂಡು ಬಂದೆ. ಆದರೆ ನೀನು ಸುಳ್ಳು ನಂಬಿಲ್ಲ. ಕಣ್ಣಾರೆ ಕಂಡದ್ದನ್ನು ನಂಬಿದ್ದೀಯ. ಅದಕ್ಕೇ ನಾಲ್ಕು ಕಾಗದ ಹರಿದದ್ದು.

ಮಧ್ಯಾಹ್ನ ಮುಂದುವರಿಸುತ್ತೇನೆ, ಟಿಕ್ಕು ಊಟಕ್ಕೆ ಕರೆಯುತ್ತಿದ್ದಾನೆ.

ಊಟ ಆಯಿತು. "ಅಕ್ಕನಿಗಾ?" ಅಂದ. "ಅಲ್ಲ, ವಿಮಾ ಕಂಪನಿಗೆ" ಅಂದೆ. "ವಿಮಾ ಕಂಪನಿಗೆ ಬರೆಯುವಾಗ ಯಾರೂ ಅಳಲ್ಲಮ್ಮ" ಅಂದು ತಟ್ಟೆ ಎತ್ತಿಕೊಂಡು ಹೋದ.

ನಿನಗೆ ಹೇಳಬೇಕಾದ ಒಂದು ಸಂಗತಿ ನಿನ್ನೆ ಆಸ್ಪತ್ರೆಯಲ್ಲಿ ನಡೆಯಿತು. ಬುಧವಾರ ಲಸಿಕೆ ದಿನವಲ್ಲವಾ, ನಾನು ಈಗಲೂ ಹೋಗಿ ಮಕ್ಕಳ ತೂಕ ನೋಡುತ್ತೇನೆ. ಹೊಸ ಡಾಕ್ಟರಿಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. "ಅಮ್ಮಾ, ನಿಮಗೆ ರಿಟೈರ್ ಆಗಿ ಎಂಟು ವರ್ಷ ಆಯ್ತು, ಆರಾಮಾಗಿ ಮನೇಲಿರಬಾರದಾ?" ಅಂದರು ಒಂದು ಸಲ. "ರಿಟೈರ್ ಆಗಿದ್ದು ನನ್ನ ಹಾಜರಿ ಪುಸ್ತಕ ಡಾಕ್ಟ್ರೇ, ನಾನಲ್ಲ" ಅಂದೆ. ಅಲ್ಲಿಂದ ಅವರು ನನ್ನನ್ನು ತಕ್ಕಡಿಯ ಜೊತೆ ಬಂದ ಸಾಮಾನು ಅಂತ ತಿಳಿದು ಸುಮ್ಮನಿದ್ದಾರೆ.

ನಿನ್ನೆ ಜನ ಜಾಸ್ತಿ ಇತ್ತು. ಹೊಸದಾಗಿ ಬಂದ ನರ್ಸ್ ಹುಡುಗಿ ಓಡಾಡಿ ಸುಸ್ತಾಗಿದ್ದಳು. ಸಹಾಯವಾಗಲಿ ಅಂತ ಔಷಧಿ ತರಲು ನಾನೇ ಫ್ರಿಜ್ ತೆಗೆದೆ. ಮುಂದಿನ ಸಾಲು ಸರಿಯಾಗಿತ್ತು. ಹಿಂದೆ, ಮಂಜುಗಟ್ಟುವ ತಗಡಿಗೆ ಒತ್ತಿಕೊಂಡು ಒಂದು ಸೀಸೆ ಇತ್ತು, ನಾಯಿಕೆಮ್ಮಿನ ಲಸಿಕೆಯದು. ಮುಟ್ಟಿದರೆ ಬೆರಳು ಅಂಟಿತು.

ನಿನಗೆ ಗೊತ್ತಿರಲಿಕ್ಕಿಲ್ಲ, ಎಲ್ಲ ಲಸಿಕೆಗೂ ತಂಪು ಬೇಕು, ಆದರೆ ಈ ಲಸಿಕೆ ಹೆಪ್ಪುಗಟ್ಟಬಾರದು. ಬಿಸಿಯಾದರೆ ನಿಧಾನವಾಗಿ ಕೆಡುತ್ತದೆ, ಹೆಪ್ಪುಗಟ್ಟಿದರೆ ಒಂದೇ ಏಟಿಗೆ ಕೆಲಸಕ್ಕೆ ಬಾರದ್ದಾಗುತ್ತದೆ. ಕರಗಿದ ಮೇಲೆ ಮೇಲುನೋಟಕ್ಕೆ ಅದೇ ಬಿಳಿ ಔಷಧಿ. ಗುರುತು ಹಿಡಿಯಲು ಇರುವುದು ಒಂದೇ ದಾರಿ. ಅದನ್ನೂ ಒಂದು ಒಳ್ಳೆಯ ಸೀಸೆಯನ್ನೂ ಚೆನ್ನಾಗಿ ಕುಲುಕಿ ಮೇಜಿನ ಮೇಲೆ ಅಕ್ಕಪಕ್ಕ ಇಡಬೇಕು. ಒಳ್ಳೆಯದು ಹಾಲಿನ ಹಾಗೆ ನಿಲ್ಲುತ್ತದೆ. ಕೆಟ್ಟದ್ದರಲ್ಲಿ ಕಾಲು ಗಂಟೆಯೊಳಗೆ ಹಿಟ್ಟಿನಂಥ ಚೂರುಗಳು ತಳಕ್ಕೆ ಕೂರುತ್ತವೆ, ಮೇಲೆ ತಿಳಿನೀರು ಉಳಿಯುತ್ತದೆ.

ನಾನು ಅದನ್ನು ಅಂಗೈಯಲ್ಲಿ ಹಿಡಿದು ಕರಗಿಸಿ, ಎರಡನ್ನೂ ಕುಲುಕಿ ಮೇಜಿನ ಮೇಲಿಟ್ಟು, ಯಾರೂ ಮುಟ್ಟಬೇಡಿ ಅಂತ ಎದುರಿಗೆ ಸ್ಟೂಲು ಹಾಕಿಕೊಂಡು ಕೂತೆ. ಡಾಕ್ಟರು ಬಂದರು. "ಏನಮ್ಮಾ ಇದು, ಹೊರಗೆ ನಲವತ್ತು ಜನ ಕಾಯ್ತಿದಾರೆ. ಒಂದು ಸೀಸೆಗೆ ಇಷ್ಟು ರಾದ್ಧಾಂತನಾ? ಮೊದಲು ಶುರು ಮಾಡಿಸಿ."

"ಕಾಯಲಿ ಡಾಕ್ಟ್ರೇ. ಇವತ್ತು ಕಾಲು ಗಂಟೆ ಕಾಯ್ತಾರೆ. ನಾವು ಇದನ್ನ ಚುಚ್ಚಿದ್ರೆ ಆ ಮಗು ಜೀವಮಾನವೆಲ್ಲ ಕಾಯ್ಬೇಕು, ಮುಂದಿನ ಉಸಿರಿಗೆ."

ನನ್ನ ಧ್ವನಿ ಏರಿತ್ತು ಅಂತ ಕಾಣುತ್ತದೆ. ಹೊರಗೆ ಕಾಯುತ್ತಿದ್ದ ತಾಯಂದಿರೆಲ್ಲ ಬಾಗಿಲಿಗೆ ಬಂದರು. ಡಾಕ್ಟರು ಕೆಂಪಾದರು. ಆದರೆ ನಿಂತರು, ಅದನ್ನು ಒಪ್ಪಿಕೊಳ್ಳಬೇಕು. ಕಾಲು ಗಂಟೆಯೂ ಬೇಕಾಗಲಿಲ್ಲ, ಹಿಟ್ಟು ಕೂತಿತು. ಅವರು ಬಗ್ಗಿ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಚೆಲ್ಲಿಬಿಡಿ" ಅಂದರು. ಆಮೇಲೆ ಮೆತ್ತಗೆ, "ನೀವು ಇನ್ನೂ ಎಂಟು ವರ್ಷ ಬಂದ್ರೂ ನಾನೇನೂ ಕೇಳಲ್ಲ" ಅಂದರು.

ಗೆದ್ದೆ ಅಂತ ಎದೆ ಉಬ್ಬಿಸಿಕೊಂಡು ಆ ಹುಡುಗಿಯ ಕಡೆ ತಿರುಗಿದೆ. ಚೆನ್ನಾಗಿ ಝಾಡಿಸಬೇಕು ಅಂತಲೇ ಇದ್ದೆ. ಅವಳು ಅಳುತ್ತಿದ್ದಳು. "ಬೇಕು ಅಂತ ಮಾಡಿಲ್ಲ ಮೇಡಂ. ಇವತ್ತು ನಮ್ಮಕ್ಕನ ಮಗು ಬರುತ್ತೆ. ಅದಕ್ಕೆ ಅಂತ ಒಂದು ಸೀಸೆ ಹಿಂದೆ ಎತ್ತಿಟ್ಟಿದ್ದೆ. ಹಿಂದೆ ಚೆನ್ನಾಗಿ ತಣ್ಣಗಿರುತ್ತಲ್ಲ ಅಂತ."

ಅವಳ ಕೈ ಹಿಡಿದುಕೊಂಡು, "ಪ್ರೀತಿ ಇದ್ದವರನ್ನ ಮುಂದಿನ ಸಾಲಲ್ಲಿ ಇಡಮ್ಮ, ಎಲ್ಲರ ಜೊತೆ" ಅಂದೆ, ಅಷ್ಟೆ. ಅರ್ಧಕ್ಕೇ ಮನೆಗೆ ಬಂದುಬಿಟ್ಟೆ. ಮೂವತ್ತಾರು ವರ್ಷದಲ್ಲಿ ಒಂದು ದಿನವೂ ಲಸಿಕೆ ದಿನ ಅರ್ಧಕ್ಕೆ ಬಿಟ್ಟು ಬಂದವಳಲ್ಲ.

ಇನ್ನು ನನ್ನ ಮಾತು ಇಷ್ಟೆ. ನೀನು ಎಷ್ಟು ಗೆರೆ ಎಳೆದು ಬರೆದರೂ ನಾನು ಬಿಡುವವಳಲ್ಲ. ನೀನು ಬಾಗಿಲು ಹಾಕಿದರೆ ಕಿಟಕಿಯಿಂದ ಮಾತಾಡುತ್ತೇನೆ. ಕಿಟಕಿ ಹಾಕಿದರೆ ಅಳಿಯಂದಿರ ಕೆಲಸದ ಜಾಗಕ್ಕೆ ಹೋಗಿ ಕೂರುತ್ತೇನೆ, ಪಾಪ, ಅವರಿಗೆ ಅತ್ತೆಯ ಎದುರು ಬಾಯಿ ಬರುವುದಿಲ್ಲ. ನಿನ್ನ ಹಠ ಎಲ್ಲಿಂದ ಬಂತು ಅಂತ ಊರೆಲ್ಲ ಕೇಳುತ್ತಿತ್ತಲ್ಲ, ಬಂದ ಕಡೆಯೇ ಬಂದು ಎದುರು ನಿಲ್ಲುತ್ತದೆ. ನಿಮ್ಮ ಬೀದಿಯ ಕೊನೆಯ ಆಸ್ಪತ್ರೆಯಲ್ಲೂ ಲಸಿಕೆ ಬುಧವಾರವೇ, ಒಂಬತ್ತಕ್ಕೆ ಶುರು. ತಡವಾದರೂ ಪರವಾಗಿಲ್ಲ, ನಾಲ್ಕು ತಿಂಗಳಿಗೂ ಶುರು ಮಾಡಬಹುದು, ಅವರೇ ಲೆಕ್ಕ ಹಾಕಿ ಮುಂದಿನ ತಾರೀಖು ಕೊಡುತ್ತಾರೆ. ಒಂದು ದಿನ ಮೈ ಬೆಚ್ಚಗಾಗುತ್ತದೆ, ತೊಡೆ ಸ್ವಲ್ಪ ಊದುತ್ತದೆ, ಗುಂಡಮ್ಮ ಮನೆ ಹಾರಿಹೋಗುವ ಹಾಗೆ ಅಳುತ್ತಾಳೆ. ಅಳಲಿ. ಅಷ್ಟು ಜೋರಾಗಿ, ಒಂದೇ ಉಸಿರಿಗೆ ಅಳುವುದು ನಿನ್ನ ತಮ್ಮನಿಗೆ ಒಂದು ವರ್ಷ ಎರಡು ತಿಂಗಳಲ್ಲಿ ನಾಯಿಕೆಮ್ಮು ಬಂದ ಮೇಲೆ ಸಾಧ್ಯವಾಗಲೇ ಇಲ್ಲ.

ನಿಮ್ಮ ಮೂವರಿಗೂ ಒಳ್ಳೆಯದಾಗಲಿ. ನಿನ್ನ ಚಕ್ರಗಳು ಜಾರದಿರಲಿ, ನಿನ್ನ ಕೈ ಗಟ್ಟಿಯಾಗಿರಲಿ, ಗುಂಡಮ್ಮನ ಎದೆ ಸದ್ದಿಲ್ಲದೆ ಉಸಿರಾಡಲಿ.

ನಿನ್ನ
ಅಮ್ಮ (ನರ್ಸೂ ಹೌದು)

ಮರೆತಿದ್ದು:

ಮರೆತಿದ್ದು ಅಂತ ಬರೆದದ್ದು ಸುಳ್ಳು. ಇವತ್ತು ಶುಕ್ರವಾರ. ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದ್ದೇನೆ. ಮೇಲೆ ಬರೆದದ್ದೆಲ್ಲ ನಿಜವೇ, ಆದರೆ ನೀನು ಕೇಳಿದ್ದಕ್ಕೆ ಅದು ಉತ್ತರವಲ್ಲ. ನರ್ಸಿನ ಮಗನಿಗೇ ಯಾಕೆ ಕೆಲಸ ಮಾಡಲಿಲ್ಲ ಅಂತ ಕೇಳಿದ್ದೀಯ. ನರ್ಸಿನ ಮಗನಾದ್ದರಿಂದಲೇ ಕೆಲಸ ಮಾಡಲಿಲ್ಲ.

ಆಗ ಫ್ರಿಜ್ಜಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಟಿಕ್ಕುವಿನ ಸರದಿ ಬಂದಾಗಲೆಲ್ಲ ಹಿಂದಿನ ಸಂಜೆಯೇ ಅವನಿಗೆ ಅಂತ ಒಂದು ಸೀಸೆ ಆರಿಸಿ ಎಲ್ಲಕ್ಕಿಂತ ಹಿಂದೆ, ತಗಡಿಗೆ ಒತ್ತಿ ಇಡುತ್ತಿದ್ದೆ. ದಿನವಿಡೀ ಬಾಗಿಲು ತೆಗೆದು ಹಾಕಿ ಮುಂದಿನ ಸಾಲು ಬೆಚ್ಚಗಾಗುತ್ತದೆ, ನನ್ನ ಮಗನಿಗೆ ತಣ್ಣಗಿನದು ಇರಲಿ ಅಂತ. ಬೆಳಿಗ್ಗೆ ಆಸ್ಪತ್ರೆ ಬಾಗಿಲು ತೆಗೆಯುವ ಮೊದಲು ನಿಮ್ಮಿಬ್ಬರನ್ನು ಕರೆದುಕೊಂಡು ಹೋಗಿ ಅವನಿಗೆ ಚುಚ್ಚಿ, ಉಳಿದದ್ದನ್ನು ಚೆಲ್ಲಿ, ಸೀಸೆ ಕೈಜಾರಿ ಒಡೆಯಿತು ಅಂತ ಹೇಳುತ್ತಿದ್ದೆ. ಮೂರು ಸಲ. ಸಾಲಿನಲ್ಲಿ ನಿಂತ ಮಕ್ಕಳಿಗೆಲ್ಲ ಮುಂದಿನ ಸಾಲಿನ ಔಷಧಿ ಸಿಕ್ಕಿತು. ಮರು ವರ್ಷ ಊರಿಗೆ ನಾಯಿಕೆಮ್ಮು ಬಂದಾಗ ಆ ಮಕ್ಕಳಲ್ಲಿ ಒಬ್ಬರೂ ಕೆಮ್ಮಲಿಲ್ಲ.

ನನಗೆ ಇದು ಗೊತ್ತಾದದ್ದು ಅವನಿಗೆ ಒಂಬತ್ತು ವರ್ಷವಾದಾಗ, ಒಂದು ತರಬೇತಿಯಲ್ಲಿ. ಕಲಿಸಲು ಬಂದವರು ಎರಡು ಸೀಸೆ ಕುಲುಕಿ ಮೇಜಿನ ಮೇಲಿಟ್ಟರು. ನಾನು ಹೊರಗೆ ಹೋದವಳು ಆ ದಿನ ಮತ್ತೆ ಒಳಗೆ ಬರಲಿಲ್ಲ. ಒಳ್ಳೆಯ ಔಷಧಿ ಹಾಕಿದರೂ ಅಪರೂಪಕ್ಕೆ ಕಾಯಿಲೆ ಬರುವುದುಂಟು, ಆ ಸಮಾಧಾನ ಬೇರೆಯವರಿಗೆ ಹೇಳಬಹುದು. ನನಗೆ ನಾನು ಹೇಳಿಕೊಳ್ಳಲಾರೆ. ನಿಮ್ಮಪ್ಪನಿಗೂ ಹೇಳಲಿಲ್ಲ, ಅವರು ಅದೃಷ್ಟವನ್ನು ಬೈದುಕೊಂಡೇ ಹೋದರು. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಆ ಬೆನ್ನು ತಟ್ಟುತ್ತಾ ಬಾಯಿ ಮುಚ್ಚಿಕೊಂಡಿದ್ದೇನೆ. ಔಷಧಿಯ ಮೇಲೆ ನಿನಗೆ ನಂಬಿಕೆ ಹೋದದ್ದು ನನ್ನ ಆ ಮೌನದಿಂದ. ಅದರ ಫಲ ಗುಂಡಮ್ಮ ಉಣ್ಣಬಾರದು.

ನಿನ್ನೆ ರಾತ್ರಿ ಅವನಿಗೆ ಹೇಳಿದೆ. ಯಾರದೋ ಕೈಗಡಿಯಾರ ಬಿಚ್ಚಿಕೊಂಡು ಕೂತಿದ್ದ. ತಲೆ ಎತ್ತದೆ ಪೂರ್ತಿ ಕೇಳಿದ. ಆಮೇಲೆ ಬಹಳ ಹೊತ್ತು ಕೆಮ್ಮಿದ, ಚಿಮಟ ಕೆಳಗಿಟ್ಟ. "ಹಾಗಾದ್ರೆ ಔಷಧಿದು ತಪ್ಪಿಲ್ಲ ಅಂತಾಯ್ತು. ಇದನ್ನ ಅಕ್ಕನಿಗೆ ಬರಿ" ಅಂದ.

"ಬರೆದ್ರೆ ಅವಳು ಜನ್ಮದಲ್ಲಿ ನನ್ನ ಮುಖ ನೋಡಲ್ಲ ಕಣೋ."

"ನೋಡದಿದ್ರೆ ಬೇಡ. ನಾನು ನೋಡ್ತೀನಲ್ಲ. ಬರಿ."

ಅವನಿಗೆ ಸಿಟ್ಟು ಬಂದಿಲ್ಲ ಅಂತ ತಿಳಿಯಬೇಡ. ಇವತ್ತು ಬೆಳಿಗ್ಗೆ ಕಫ ಇಳಿಸಲು ತಾನೇ ಬೆನ್ನನ್ನು ಗೋಡೆಗೆ ತಟ್ಟಿಕೊಂಡ, ನನ್ನ ಕೈ ಬೇಡ ಅಂದ. ನಾಳೆ ಏನು ಮಾಡುತ್ತಾನೋ ಗೊತ್ತಿಲ್ಲ. ಅದು ನನಗೂ ಅವನಿಗೂ ಇರುವ ವಿಷಯ, ನಾನು ನಿಭಾಯಿಸುತ್ತೇನೆ.

ನಿನಗೆ ಹೇಳಬೇಕಾದ್ದು ಇನ್ನೊಂದಿದೆ. ಇದನ್ನು ಅವನಿಗೂ ಹೇಳಿಲ್ಲ. ಮೂರನೆಯ ಸಲ, ನಾನು ಸೂಜಿ ಸಿದ್ಧ ಮಾಡುವಾಗ ಸೀಸೆ ನಿನ್ನ ಕೈಗೆ ಕೊಟ್ಟಿದ್ದೆ, ಕುಲುಕು ಅಂತ. ನಿನಗೆ ಏಳು ವರ್ಷ. ಕುಲುಕಿ ಮೇಜಿನ ಮೇಲಿಟ್ಟೆ, ಗಲ್ಲ ಊರಿಕೊಂಡು ನೋಡಿದೆ. "ಅಮ್ಮಾ, ಇದರಲ್ಲಿ ಹಿಟ್ಟು ಕೂತಿದೆ" ಅಂದೆ. ನಾನು ತಿರುಗಿಯೂ ನೋಡಲಿಲ್ಲ. "ಸುಮ್ಮನಿರು, ನಿನಗೇನು ಗೊತ್ತಾಗುತ್ತೆ" ಅಂದೆ. ನೀನು ಸುಮ್ಮನಾಗಿ ತಮ್ಮನ ಕಾಲು ಹಿಡಿದುಕೊಂಡೆ.

ಆ ದಿನ ನೀನು ಸರಿ, ನಾನು ತಪ್ಪು. ಇವತ್ತು ನಾನು ಸರಿ. ನಿನ್ನ ಸಿಟ್ಟೆಲ್ಲ ನನ್ನ ಮೇಲೆ ಇರಲಿ, ಒಂದು ಚೂರನ್ನೂ ಆ ಔಷಧಿಯ ಮೇಲೆ ವ್ಯರ್ಥ ಮಾಡಬೇಡ.

ಬುಧವಾರ ಹತ್ತೂವರೆಗೆ ಬರುತ್ತೇನೆ. ಬಾಗಿಲು ತೆಗೆದು ಬೈದರೆ ನಿಂತು ಬೈಸಿಕೊಳ್ಳುತ್ತೇನೆ. ಬೀಗ ಹಾಕಿದ್ದರೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿದ್ದೀಯ ಅಂತ ತಿಳಿದು ಮೆಟ್ಟಿಲ ಮೇಲೆ ಕೂತಿರುತ್ತೇನೆ, ಸಂಜೆಯಾದರೂ ಸರಿ. ಅಲ್ಲಿ ಸೀಸೆಯನ್ನು ತೋರಿಸಿ ಅಂತ ಕೇಳು. ನೀನೇ ಕುಲುಕು. ಮೇಜಿನ ಮೇಲಿಟ್ಟು ಗಲ್ಲ ಊರಿಕೊಂಡು ನೋಡು. ಹಿಟ್ಟು ಕೂತರೆ ಬೇರೆಯದು ತರಿಸು. ಈ ಸಲ ಯಾರಾದರೂ ನಿನಗೆ ಸುಮ್ಮನಿರು ಅಂದರೆ, ಸುಮ್ಮನಿರಬೇಡ ಮಗಳೇ.